ಸ್ಕ್ರೂಜನ ಅರ್ಥಗಾರಿಕೆ

ಡಿಸೆಂಬರ್ ಕೊನೆಗೆ ಕತೆ ಬರೆದುಕೊಡುತ್ತೇನೆ ಅಂತ ಮಂಗಳೂರಿನ ಬಿಜೈಯಲ್ಲಿ ಮನೆ ಮಾಡಿಕೊಂಡವರು ಯಾರೂ ಒಪ್ಪಿಕೊಳ್ಳಬಾರದು. ಮನೆ ಮನೆಯ ಮುಂದೆ ನಕ್ಷತ್ರ ಕಟ್ಟುವ ಗಲಾಟೆ. ಕತ್ತಲಾದರೆ ಕ್ಯಾರಲ್ಸ್ ಹಾಡುವ ಹುಡುಗರು. ಕೆಳಗಿನ ಮನೆಯಿಂದ ಇಡೀ ದಿನ ಎಣ್ಣೆಯಲ್ಲಿ ಕರಿಯುವ ಘಮ. ನಾನು ಒಂದು ವಿಶೇಷಾಂಕಕ್ಕೆ ಒಪ್ಪಿಕೊಂಡಿದ್ದೆ. ಪಾಲಿನ ಜಗಳದಲ್ಲಿ ಅಂಗಳಕ್ಕೆ ಬೇಲಿ ಹಾಕಿದ ಅಣ್ಣ ಕೊನೆಗೆ ತಂಗಿಯ ಮನೆಯ ಮೆಟ್ಟಿಲು ಹತ್ತಬೇಕು. ಇಷ್ಟೇ ಕತೆ. ಆದರೆ ಅವನು ಹತ್ತುತ್ತಲೇ ಇರಲಿಲ್ಲ. ನಾನಾಗಿ ಹತ್ತಿಸಿದರೆ ಶುದ್ಧ ಸುಳ್ಳು ಅನ್ನಿಸುತ್ತಿತ್ತು.

ಕೆಳಗಿನ ಮನೆಯ ಬಾಯಮ್ಮ ಆರ್ಡರ್ ತಗೊಂಡು ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳನ್ನು ಮಾಡಿಕೊಡುತ್ತಾರೆ. ಕಿಡಿಯೊ ಸುತ್ತಲಿಕ್ಕೆ ಕೈ ಸಾಲುವುದಿಲ್ಲ, ಸ್ವಲ್ಪ ಬನ್ನಿ ಎಂದು ಕರೆದರು. ಮೈದಾ ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ, ಹೆಬ್ಬೆರಳಿನಿಂದ ಎಳೆದು ಸುರುಳಿ ಮಾಡಬೇಕು. ಜಾಸ್ತಿ ಒತ್ತಿದರೆ ಹಲ್ಲಿನ ಸಂದಿಗೆ ಅಂಟುತ್ತದೆ. ಕಮ್ಮಿಯಾದರೆ ಗೆರೆ ಮೂಡುವುದಿಲ್ಲ. ಕೈಗೆ ರೂಢಿಯಾದ ಮೇಲೆ ಬೇಜಾರು ಬರುವ ಕೆಲಸ. "ಎಂತಾದ್ರೂ ಸಿನಿಮಾ ಹಾಕಿ ಮಾರಾಯ್ರೆ" ಎಂದರು.

ನಾನು ಹಾಕಿದ್ದು 2017ರ ‘ದಿ ಮ್ಯಾನ್ ಹೂ ಇನ್ವೆಂಟೆಡ್ ಕ್ರಿಸ್ಮಸ್’. ಗುಂಟೂರಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಭರತ್ ನಲ್ಲೂರಿ ಇದರ ನಿರ್ದೇಶಕರು. ಕ್ರಿಸ್ಮಸ್ ಸಿನಿಮಾಗಳ ಮಾತು ಬಂದಾಗ ಇದರ ಹೆಸರು ಹೇಳುವವರು ಕಡಿಮೆ. ಹೆಸರು ಕೇಳಿದರೆ ಮಕ್ಕಳ ಚಿತ್ರ ಅನ್ನಿಸುತ್ತದೆ, ಅದೂ ಒಂದು ಕಾರಣ ಇರಬಹುದು. ನಿಜಕ್ಕೂ ಇದು ಬರೆಯಲಾಗದೆ ಒದ್ದಾಡುವವನ ಕತೆ. 1843ರ ಅಕ್ಟೋಬರ್. ಚಾರ್ಲ್ಸ್ ಡಿಕನ್ಸ್‌ನ ಹೊಸ ಕಾದಂಬರಿ ಮಾರಾಟವಾಗುತ್ತಿಲ್ಲ. ಮನೆ ತುಂಬ ಮಕ್ಕಳು, ಹೆಂಡತಿ ಮತ್ತೆ ಬಸುರಿ, ರಿಪೇರಿಯವರ ಸುತ್ತಿಗೆ ಸದ್ದು, ಮೇಲಿಂದ ಸಾಲಗಾರ ಅಪ್ಪ ಬಂದು ಠಿಕಾಣಿ ಹೂಡಿದ್ದಾನೆ. ಕ್ರಿಸ್ಮಸ್ ಒಳಗೆ ‘ಎ ಕ್ರಿಸ್ಮಸ್ ಕ್ಯಾರಲ್’ ಅಚ್ಚಾಗಬೇಕು. ಇದ್ದದ್ದು ಆರು ವಾರ.

ಆ ಕತೆಯಲ್ಲಿ ಒಂದೇ ರಾತ್ರಿಯಲ್ಲಿ ಬದಲಾಗಬೇಕಾದ ಜಿಪುಣ ಮುದುಕನ ಹೆಸರಿಗಾಗಿ ಅವನು ಕೋಣೆಯಲ್ಲಿ ಒಬ್ಬನೇ ಏನೇನೋ ಉಚ್ಚರಿಸುತ್ತಾನೆ. ಸ್ಕ್ರೂಜ್ ಎಂಬ ಹೆಸರು ಬಾಯಿಗೆ ಬಂದದ್ದೇ ತಡ, ಆ ಮುದುಕ ಎದುರಿಗೇ ಹಾಜರು. ಆ ಪಾತ್ರದಲ್ಲಿ 80 ದಾಟಿದ್ದ ನಟ ಕ್ರಿಸ್ಟೋಫರ್ ಪ್ಲಮರ್. ಆಮೇಲೆ ಒಂದೊಂದೇ ಪಾತ್ರ ಬಂದು ಸೇರುತ್ತದೆ. ಯಾರೂ ಹೇಳಿದ ಹಾಗೆ ಕೇಳುವುದಿಲ್ಲ.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಯಕ್ಷಗಾನದ ತಾಳಮದ್ದಳೆಯಲ್ಲಿ ನಡೆಯುವುದು ಇದೇ ಅಲ್ವಾ? ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುವ ಪದ ಮುಗಿದ ಮೇಲೆ, ಮಾತು ಹೇಳುವ ಅರ್ಥಧಾರಿ ಪಾತ್ರವಾಗಿ ವಾದಕ್ಕೆ ಇಳಿಯುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕ್ಯಾಸೆಟ್ಟಿನಲ್ಲಿ ಕೇಳಿ ಬೆಳೆದವನು ನಾನು. ರಾಮ ಗೆಲ್ಲುತ್ತಾನೆ ಅಂತ ಪ್ರಸಂಗದಲ್ಲೇ ಇದೆ. ಆದರೂ ಮರೆಯಿಂದ ಯಾಕೆ ಬಾಣ ಬಿಟ್ಟೆ ಅಂತ ಬಿದ್ದಲ್ಲಿಂದಲೇ ವಾಲಿ ಕೇಳುವಾಗ, ರಾಮನಿಗೆ ತಪ್ಪಿಸಿಕೊಳ್ಳಲಿಕ್ಕೆ ಆಗುವುದಿಲ್ಲ. ಪ್ಲಮರ್‌ನ ಸ್ಕ್ರೂಜ್ ಅಂಥದೇ ಅರ್ಥಧಾರಿ. ಮನುಷ್ಯ ಒಂದು ರಾತ್ರಿಯಲ್ಲಿ ಬದಲಾಗುತ್ತಾನಾ ಎಂಬ ಪ್ರಶ್ನೆ ಡಿಕನ್ಸ್‌ನನ್ನೇ ಕಾಡುತ್ತದೆ. ಬದಲಾಗುವುದಿಲ್ಲ ಅಂತಲೇ ಅವನ ನಂಬಿಕೆ. ಕುಂಟ ಹುಡುಗ ಟಿಮ್ ಸಾಯಬೇಕು ಅಂತಲೂ ಬರೆದುಬಿಟ್ಟಿರುತ್ತಾನೆ. ಮನೆಗೆಲಸದ ಹುಡುಗಿ ಅದನ್ನು ಒಪ್ಪುವುದಿಲ್ಲ. ಬಾಯಮ್ಮನೂ ಒಪ್ಪಲಿಲ್ಲ. "ಹಬ್ಬದ ಕತೆಯಲ್ಲಿ ಎಂತದು ಮಗು ಸಾಯೋದು!"

ಅಪ್ಪ 1824ರಲ್ಲಿ ಸಾಲಕ್ಕಾಗಿ ಮಾರ್ಷಲ್‌ಸೀ ಜೈಲು ಸೇರಿದಾಗ ಚಾರ್ಲ್ಸ್‌ಗೆ 12 ವರ್ಷ. ಬೂಟ್ ಪಾಲಿಶ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. ಸಿನಿಮಾದ ಕೊನೆಯ ವಾದ ನಡೆಯುವುದು ಆ ಹಾಳುಬಿದ್ದ ಕಾರ್ಖಾನೆಯಲ್ಲೇ. ಸ್ಕ್ರೂಜ್ ಅವನನ್ನು ಹಂಗಿಸುತ್ತಾನೆ, ಚುಚ್ಚುತ್ತಾನೆ. ಕೊನೆಗೆ ತಾನೇ ಸೋತು, ಹೀಗೆ ಸಾಯಲಾರೆ ಅನ್ನುತ್ತಾನೆ. ಲೇಖಕ ಅವನನ್ನು ಒಳ್ಳೆಯವನನ್ನಾಗಿ ಮಾಡುವುದಿಲ್ಲ. ವಾದದಲ್ಲಿ ಅವನಿಗೇ ಬೇರೆ ದಾರಿ ಉಳಿಯುವುದಿಲ್ಲ. ನನಗೆ ಬೇಕಾಗಿದ್ದದ್ದು ಇದೇ. ಇದಾದ ಮೇಲೆ ಅಪ್ಪ-ಮಗ ರಾಜಿಯಾಗುವುದು ಮಾತ್ರ ಸ್ವಲ್ಪ ಸಲೀಸಾಯಿತು. ಪಾಪ, ಹೆಂಡತಿಗಂತೂ ಸಹಿಸಿಕೊಳ್ಳುವುದೇ ಪಾತ್ರ.

ಸಿನಿಮಾ ಮುಗಿಯುವಾಗ ತಟ್ಟೆಯಲ್ಲಿ ಕಿಡಿಯೊ ಗುಡ್ಡೆಯಾಗಿತ್ತು. ಬಾಯಮ್ಮನದು ವ್ಯಾಪಾರದ ಪ್ರಶ್ನೆ. "ಅವನಿಗೆ ಎಷ್ಟು ಉಳಿಯಿತಂತೆ?"

ಪುಸ್ತಕ ಡಿಸೆಂಬರ್ 19ಕ್ಕೆ ಬಂತು, ಬೆಲೆ ಐದು ಶಿಲಿಂಗ್. ಕ್ರಿಸ್ಮಸ್ ಒಳಗೆ 6,000 ಪ್ರತಿ ಖಾಲಿ. ಆದರೆ ಅಚ್ಚಿನ ಖರ್ಚು ಡಿಕನ್ಸ್‌ನದೇ. ಬಣ್ಣದ ಚಿತ್ರ, ಚಿನ್ನದ ಅಂಚು ಎಲ್ಲಾ ಬೇಕು ಅಂತ ಹಟ ಹಿಡಿದಿದ್ದ. 1,000 ಪೌಂಡ್ ಬರುತ್ತದೆ ಅಂದುಕೊಂಡವನಿಗೆ ಆ ಮೊದಲ 6,000 ಪ್ರತಿಗಳಿಂದ ಸಿಕ್ಕಿದ್ದು 230.

"ಡಬ್ಬ ಚಂದ ಮಾಡ್ಲಿಕ್ಕೆ ಹೋದ್ರೆ ಹಾಗೇ" ಎಂದು ಬಾಯಮ್ಮ ಎಣ್ಣೆ ಕಾಯಿಸಲು ಎದ್ದರು.

ನಾನು ಮೇಲೆ ಬಂದು ಅಣ್ಣನಿಗೆ ಬೇಲಿಯ ಪರವಾಗಿ ಮಾತಾಡಲು ಬಿಟ್ಟೆ. ಮಾತಾಡಿದ ಮಹಾರಾಯ, ಪುಟಗಟ್ಟಲೆ. ಅವನ ಕಡೆಯೂ ನ್ಯಾಯ ಇತ್ತು. ತಂಗಿ ಕೊಟ್ಟದ್ದು ಎರಡೇ ಸಾಲಿನ ಉತ್ತರ. ಅವನು ಮೆಟ್ಟಿಲು ಹತ್ತಲಿಲ್ಲ, ಆದರೆ ಗೂಟ ಕೀಳಲು ಶುರುಮಾಡಿದ. ಸಂಪಾದಕರು ಅಣ್ಣನ ಮಾತನ್ನು ಅರ್ಧ ಕತ್ತರಿಸಿದರು. ತಂಗಿಯದನ್ನು ಮುಟ್ಟಲಿಲ್ಲ.