ಎಫ್ ಕೀ ಮಾಡಿದ ಅವಾಂತರ: ಕನ್ನಡ ಹೋಗಿ ‘ಕನಣಡ’

ಹೊಸ ಕೀಬೋರ್ಡಿನಿಂದ ಅಮ್ಮನಿಗೆ ಕಳಿಸಿದ ಮೊದಲ ಮೆಸೇಜು ‘ಅಮಂ’ ಅಂತ ಹೋಯಿತು. ‘ಏನೋ ಇದು, ಮಂತ್ರಾನಾ?’ ಅಂತ ಆ ಕಡೆಯಿಂದ ಫೋನು.

ಕೀಬೋರ್ಡಿನ ಹೆಸರು ಕಾರ್ನೆ. ಎರಡು ಹೋಳು, ಒಟ್ಟು 42 ಕೀ. ನಂಬರ್ ಸಾಲಿಲ್ಲ, ಆ್ಯರೋ ಇಲ್ಲ, ಅವೆಲ್ಲ ಬೇರೆ ಲೇಯರ್‌ಗಳಲ್ಲಿ ಅಡಗಿವೆ, ಲೇಯರ್ ಅಂದರೆ ಅದೇ ಕೀಗಳಿಗೆ ಬೇರೆ ಕೆಲಸ ಕೊಡುವ ಪದರ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಡಯೋಡು, ಸಾಲ್ಡರ್ ತಂದು ಎರಡು ಶನಿವಾರ ಕೂತು ಬೆಸುಗೆ ಹಾಕಿದೆ. ಕೀಗೆ ಒಂದರಂತೆ ಡಯೋಡು, ಅದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವುದರಿಂದ ಅದರ ಕಪ್ಪು ಪಟ್ಟಿ ಸರಿಯಾದ ಕಡೆಗೇ ಇರಬೇಕು. ಒಂದನ್ನು ಉಲ್ಟಾ ಕೂರಿಸಿ, ಎಲ್ ಕೀ ಯಾಕೆ ಸತ್ತಿದೆ ಅಂತ ಅರ್ಧ ಗಂಟೆ ಸುಮ್ನೆ ಕೀಬೋರ್ಡಿನೊಳಗಿನ ಪ್ರೋಗ್ರಾಮನ್ನು, ಅಂದರೆ ಫರ್ಮ್‌ವೇರನ್ನು ಬೈದೆ. (ಹೋಳುಗಳನ್ನು ಸೇರಿಸುವ ಟಿಆರ್‌ಆರ್‌ಎಸ್ ಕೇಬಲನ್ನು ಯುಎಸ್‌ಬಿ ಚುಚ್ಚಿರುವಾಗ ಕೀಳಬೇಡಿ. ಶಾರ್ಟ್ ಆದರೆ ಕಂಟ್ರೋಲರ್ ಸುಟ್ಟೀತು.)

ಒಳಗೆ ಓಡುವುದು ಕ್ಯೂಎಂಕೆ ಅನ್ನೋ ಫರ್ಮ್‌ವೇರ್. ಕೀಮ್ಯಾಪ್ ಅಂದರೆ ಯಾವ ಕೀ ಏನು ಮಾಡಬೇಕು ಅಂತ ಹೇಳುವ, ಸಿ ಭಾಷೆಯ ಒಂದು ಫೈಲು, ತಿದ್ದಿ, ಕಂಪೈಲ್ ಮಾಡಿ, ಫ್ಲ್ಯಾಶ್ ಮಾಡಿದರಾಯಿತು. ಕಿರುಬೆರಳಿಗೆ ಬಿಡುವು ಸಿಗಲಿ ಅಂತ ನಾನು ಹೋಮ್ ರೋ ಮಾಡ್ಸ್ ಹಾಕಿದ್ದೆ: ಎಫ್ ಒತ್ತಿ ಬಿಟ್ಟರೆ ಎಫ್, ಹಿಡಿದುಕೊಂಡರೆ ಶಿಫ್ಟ್. ಯಾವುದು ಅಂತ ತೀರ್ಮಾನಿಸಲು 200 ಮಿಲಿಸೆಕೆಂಡ್ ಗಡುವು. ಜೊತೆಗೆ ಪರ್ಮಿಸಿವ್ ಹೋಲ್ಡ್ ಅನ್ನೋ ಆಯ್ಕೆ, ಅಂದರೆ ಎಫ್ ಮೇಲೆ ಬೆರಳಿರುವಾಗಲೇ ಇನ್ನೊಂದು ಕೀ ಒತ್ತಿ ಬಿಟ್ಟರೆ ಗಡುವಿಗೂ ಕಾಯದೆ ಅದು ಶಿಫ್ಟ್ ಅಂತ ಲೆಕ್ಕ. ಇಂಗ್ಲಿಷಿಗೆ ಇದು ಬೆಣ್ಣೆಯ ಹಾಗೆ ಕೆಲಸ ಮಾಡಿತು.

ಕನ್ನಡಕ್ಕೆ ನಾನು ಬಳಸುವುದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ನುಡಿ ತಂತ್ರಾಂಶದಲ್ಲಿ ಇರೋದೂ ಅದೇ. ಅದರಲ್ಲಿ ಒತ್ತಕ್ಷರ ಕೊಡಬೇಕಾದರೆ ನಡುವೆ ಎಫ್ ಒತ್ತಬೇಕು. ‘ಕನ್ನಡ’ ಅಂದರೆ ಕೆ, ಎನ್, ಎಫ್, ಎನ್, ಡಬ್ಲ್ಯೂ. ಇಂಗ್ಲಿಷಿನಲ್ಲಿ ಎಫ್ ಅಪರೂಪಕ್ಕೆ ಬರುವ ಅಕ್ಷರ, ಕನ್ನಡದಲ್ಲಿ ಹೆಜ್ಜೆಗೊಂದು ಒತ್ತು. ಎಡಗೈ ತೋರುಬೆರಳು ಎಫ್‌ನಿಂದ ಏಳೋ ಮೊದಲೇ ಬಲಗೈ ಎನ್ ಒತ್ತಿ ಬಿಟ್ಟಿರುತ್ತೆ, ಫರ್ಮ್‌ವೇರ್ ಅದನ್ನು ಶಿಫ್ಟ್-ಎನ್ ಅಂತ ಓದುತ್ತೆ, ಶಿಫ್ಟ್-ಎನ್ ಅಂದರೆ ಣ. ಹೀಗೆ ‘ಕನಣಡ’. ಶಿಫ್ಟ್-ಎಂ ಅನುಸ್ವಾರ, ಆದ್ದರಿಂದ ಅಮ್ಮ ‘ಅಮಂ’. ಅಪ್ಪನ ಗತಿ ‘ಅಪಫ’.

ಗಡುವನ್ನು 250ಕ್ಕೆ ಏರಿಸಿದೆ, ಏನೂ ಬದಲಾಗಲಿಲ್ಲ. ಪರ್ಮಿಸಿವ್ ಹೋಲ್ಡ್ ಗಡುವನ್ನು ಕಾಯೋದೇ ಇಲ್ವಲ್ಲ! ಅದನ್ನೇ ತೆಗೆದರೆ ಇಂಗ್ಲಿಷಿನ ಪ್ರತಿ ದೊಡ್ಡಕ್ಷರಕ್ಕೂ ಬೆರಳು ಹಿಡಿದು ಕಾಯಬೇಕು. ಆಮೇಲೆ ಕಾರ್ಡಲ್ ಹೋಲ್ಡ್ ಅನ್ನೋ ಇನ್ನೊಂದು ಆಯ್ಕೆ ನೋಡಿದೆ, ಎರಡೂ ಕೀ ಒಂದೇ ಕೈಯದಾದರೆ ಅದು ಶಿಫ್ಟ್ ಅಂತ ಎಣಿಸಲ್ಲ. ‘ಸದಧು’ ಹೋಗಿ ‘ಸದ್ದು’ ಬಂತು, ಡಿ ಕೂಡ ಎಡಗೈಯದೇ ಆದ್ದರಿಂದ. ಆದರೆ ಎನ್, ಎಂ, ಪಿ, ಎಲ್ ಎಲ್ಲ ಬಲಗೈಯವು, ಅಮ್ಮ ಅಮಂ ಆಗಿಯೇ ಉಳಿದರು.

ಕೊನೆಗೆ ಕನ್ನಡಕ್ಕೇ ಒಂದು ಲೇಯರ್ ಮಾಡಿದೆ. ಅದರಲ್ಲಿ ಎಫ್ ಬರೀ ಎಫ್, ಶಿಫ್ಟ್ ಹೆಬ್ಬೆರಳಿಗೆ. ಮಹಾಪ್ರಾಣ, ಣ, ಳ ಎಲ್ಲಕ್ಕೂ ಶಿಫ್ಟ್ ಬೇಕಾದ್ದರಿಂದ ಹೆಬ್ಬೆರಳಿಗೆ ಕೊಟ್ಟದ್ದೇ ಜಾಸ್ತಿ ಅನುಕೂಲ ಅನಿಸುತ್ತೆ, ಮೊದಲೇ ಮಾಡಬೇಕಿತ್ತು. ಒಂದು ಕೀ ಒತ್ತಿದರೆ ಲೇಯರೂ ಬದಲಾಗುತ್ತೆ, ಭಾಷೆ ಬದಲಿಸುವ ಸೂಪರ್-ಸ್ಪೇಸ್ ಜೋಡಿ ಕಂಪ್ಯೂಟರಿಗೆ ಹೋಗಿ ಲಿನಕ್ಸಿನ ಭಾಷೆಯೂ ಬದಲಾಗುತ್ತೆ.

ಆಸೆ ಅಲ್ಲಿಗೆ ನಿಲ್ಲಲಿಲ್ಲ. ಕೀಬೋರ್ಡಿನ ಪುಟ್ಟ ಓಎಲ್‌ಇಡಿ ಪರದೆಯ ಮೇಲೆ ಕನ್ನಡ ಲೇಯರ್ ಇದ್ದಾಗ ‘ಕ’ ಕಾಣಲಿ ಅಂತ ಚುಕ್ಕಿ ಚುಕ್ಕಿಯಾಗಿ ಬಿಡಿಸಿ ಸೇರಿಸಿದೆ. ಫರ್ಮ್‌ವೇರ್ ತುಂಬಾ ದೊಡ್ಡದಾಯಿತು ಅಂತ ಎರರ್. ಕಂಟ್ರೋಲರ್ ಆಗಿರುವ ಪ್ರೊ ಮೈಕ್ರೋ ಬೋರ್ಡಿನಲ್ಲಿ ನಮಗೆ ಸಿಗೋದು 28,672 ಬೈಟ್ ಅಷ್ಟೇ, ಬಾಕಿ 4 ಕೆಬಿ ಹೊಸ ಫರ್ಮ್‌ವೇರ್ ಹಾಕಿಕೊಳ್ಳುವ ಬೂಟ್‌ಲೋಡರ್‌ದು. ಫರ್ಮ್‌ವೇರನ್ನು ಕುಗ್ಗಿಸುವ ಎಲ್‌ಟಿಒ ಅನ್ನೋ ಆಯ್ಕೆ ಆನ್ ಮಾಡಿದರೂ ಸಾಲದೆ, ಕೀ ಕೆಳಗಿನ ಬಣ್ಣದ ದೀಪಗಳನ್ನು ತೆಗೆದುಹಾಕಿದೆ. ದೀಪ ಹೋಯಿತು, ‘ಕ’ ಬಂತು.

ಒಂದೇ ತೊಂದರೆ. ಕೀಬೋರ್ಡ್ ಕಳಿಸುವುದು ಕೀ ಸಂಖ್ಯೆ ಮಾತ್ರ, ಕಂಪ್ಯೂಟರಿನಲ್ಲಿ ಯಾವ ಭಾಷೆ ನಡೀತಿದೆ ಅಂತ ಅದಕ್ಕೆ ಗೊತ್ತಿಲ್ಲ. ಅಭ್ಯಾಸಬಲದಿಂದ ಮೌಸಿನಲ್ಲಿ ಭಾಷೆ ಬದಲಾಯಿಸಿದೆನೋ, ಪರದೆಯಲ್ಲಿ ‘ಕ’ ಮಿನುಗುತ್ತಿರುತ್ತೆ, ಅಮ್ಮನಿಗೆ ಇಂಗ್ಲಿಷ್ ಹೋಗುತ್ತಿರುತ್ತೆ.