ಸಿಂಹ, ಕಣಜ ಮತ್ತು ನಾಲಿಗೆಯಿಲ್ಲದ ಗಂಟೆ

ನಮ್ಮ ಗಂಗಾವತಿಯ ಕಡೆ ‘ಜರ್ಮನ್’ ಎಂದರೆ ಇಂದಿಗೂ ಅಲ್ಯೂಮಿನಿಯಂ ಬೋಗುಣಿ. ‘ಜರ್ಮನ್ ಸಿಲ್ವರ್’ ಎಂದರೆ ತಾಮ್ರ, ನಿಕ್ಕಲ್, ಸತುವು ಬೆರೆತ, ಹೆಸರಿನಲ್ಲಿ ಮಾತ್ರ ಬೆಳ್ಳಿಯಿರುವ ಲೋಹ. ಹಾಗಾಗಿ ಜರ್ಮನಿಯ ಹಳೆಯ ಬೆಳ್ಳಿ ನಾಣ್ಯಗಳ ಚಿತ್ರಗಳನ್ನು ಸಂಗ್ರಹಿಸುತ್ತಿದ್ದೇನೆ ಎಂದಾಗಲೆಲ್ಲ, ಅವು ನಿಜವಾದ ಬೆಳ್ಳಿಯವೇ ಎಂದು ಮೊದಲು ನಂಬಿಸಬೇಕಾಗುತ್ತದೆ. 1566ರಲ್ಲಿ ಗೊತ್ತುಪಡಿಸಿದ ಅಳತೆಯಂತೆ, ಸುಮಾರು 29 ಗ್ರಾಂ ತೂಗುವ ಥಾಲರ್ ನಾಣ್ಯದಲ್ಲಿ 26 ಗ್ರಾಂನಷ್ಟು ಅಪ್ಪಟ ಬೆಳ್ಳಿ ಇರುತ್ತಿತ್ತು. ಮುಖವೂ ಅಗಲವಾದ್ದರಿಂದ ಅಚ್ಚು ಕೆತ್ತುವವನಿಗೆ ಒಂದು ಇಡೀ ಕಥೆಯನ್ನೇ ಹೇಳಲು ಜಾಗವಿತ್ತು.

ಆ ಜಾಗವನ್ನು ಜಗಳಕ್ಕೆ ಬಳಸಿಕೊಂಡವನು ಬ್ರೌನ್‌ಶ್ವೈಗ್-ವುಲ್ಫೆನ್‌ಬ್ಯೂಟೆಲ್ ಸಂಸ್ಥಾನದ ಡ್ಯೂಕ್ ಹೈನ್ರಿಶ್ ಯೂಲಿಯಸ್. ತನ್ನ ಮಾತು ಕೇಳದ ಶ್ರೀಮಂತ ಮನೆತನಗಳನ್ನು ಹಂಗಿಸಲು ಅವನು 1595ರಲ್ಲಿ ಬಂಡಾಯಗಾರರ ಥಾಲರನ್ನೂ, ಮುಂದಿನ ವರ್ಷಗಳಲ್ಲಿ ಸುಳ್ಳಿನ ಥಾಲರು, ಸತ್ಯದ ಥಾಲರುಗಳನ್ನೂ ಟಂಕಿಸಿದ. ಸುಳ್ಳನ್ನು ತುಳಿದು ನಿಂತ ಸತ್ಯದೇವತೆಯ ಚಿತ್ರ ನನಗೆ ಅಷ್ಟೇನೂ ರುಚಿಸದು. ತನ್ನ ಪಕ್ಷವೇ ಸತ್ಯವೆಂದು ಯಾವ ದೊರೆ ತಾನೆ ಹೇಳಿಕೊಳ್ಳುವುದಿಲ್ಲ? 1599ರ ನಾಣ್ಯದ ಸೊಗಸೇ ಬೇರೆ. ಅದರಲ್ಲಿ ಸಿಂಹವೊಂದನ್ನು ಕಣಜಗಳು (ನಮ್ಮೂರಿನ ಭತ್ತದ ಕಣಜವಲ್ಲ, ಕಚ್ಚುವ ಕಣಜ) ಮುತ್ತಿಕೊಂಡಿವೆ, ಮೇಲಿನಿಂದ ಹದ್ದೊಂದು ನೆರವಿಗೆ ಬರುತ್ತಿದೆ. ಸಿಂಹ ಡ್ಯೂಕ್, ಹದ್ದು ಅವನಿಗೂ ಮೇಲಿನ ಪವಿತ್ರ ರೋಮನ್ ಚಕ್ರವರ್ತಿ, ಕಣಜಗಳು ಯಾರೆಂಬುದು ನಾಣ್ಯ ಕೈಗೆ ಬಂದವರಿಗೆಲ್ಲ ತಿಳಿದಿರಬೇಕು.

ಆ ಚಕ್ರವರ್ತಿಯ ಲಾಂಛನವಾದ ಎರಡು ತಲೆಯ ಹದ್ದನ್ನು ಬೇರೆ ಥಾಲರುಗಳಲ್ಲಿ ಕಂಡಾಗ, ಇಲ್ಲಿ ಆನೆಗೊಂದಿಯ ಆಚೆ ದಡದಿಂದ ಆಳಿದ ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯದ ಗಂಡಭೇರುಂಡ ನೆನಪಾಗದೆ ಇರುವುದಿಲ್ಲ. ನಮ್ಮ ಹಕ್ಕಿ ಕೊಕ್ಕಿನಲ್ಲಿ, ಉಗುರಿನಲ್ಲಿ ಆನೆಗಳನ್ನೇ ಎತ್ತಿಕೊಂಡಿದೆ. ಕೊಚ್ಚಿಕೊಳ್ಳುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ.

ಆದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದು ಅದೇ ವಂಶದ ಡ್ಯೂಕ್ ಆಗಸ್ಟ್ 1643ರಲ್ಲಿ ಹೊರಡಿಸಿದ ಏಳು ಬಗೆಯ ‘ಗಂಟೆ ಥಾಲರು’ಗಳು. ಮೂವತ್ತು ವರ್ಷಗಳ ಯುದ್ಧದಲ್ಲಿ ವುಲ್ಫೆನ್‌ಬ್ಯೂಟೆಲ್ ಚಕ್ರವರ್ತಿಯ ಸೈನ್ಯದ ವಶದಲ್ಲಿತ್ತು. ಹೈನ್ರಿಶ್ ಯೂಲಿಯಸನ ನಾಣ್ಯದಲ್ಲಿ ನೆರವಿಗೆ ಬಂದ ಹದ್ದೇ ಇಲ್ಲಿ ಊರು ಬಿಟ್ಟು ತೊಲಗಬೇಕಿತ್ತು. ಸೈನ್ಯ ತೆರಳುವ ಕುರಿತ ಮಾತುಕತೆ ಎಳೆದಾಡುತ್ತಿದ್ದುದನ್ನು ಡ್ಯೂಕ್ ನಾಲಿಗೆಯಿಲ್ಲದ ಗಂಟೆಯಾಗಿ, ಗಂಟೆಯಿಲ್ಲದ ನಾಲಿಗೆಯಾಗಿ ಕೆತ್ತಿಸಿದ. ಒಳಗೆ ತೂಗುವ ಆ ಲೋಹದ ತುಂಡಿಗೆ ಕನ್ನಡದಲ್ಲಿ ನಾಲಿಗೆಯೆಂದೇ ಹೆಸರಿರುವುದರಿಂದ, ಈ ಒಗಟನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಸೆಪ್ಟೆಂಬರ್‌ನಲ್ಲಿ ಸೈನ್ಯ ಹೊರಟುಹೋಯಿತು. ಸರಣಿಯ ಕೊನೆಯ ನಾಣ್ಯದಲ್ಲಿ ಗಂಟೆ ಊರಿನ ನೆತ್ತಿಯ ಮೇಲೆ ತೂಗುತ್ತಿದೆ.