ಮ್ಯಾಟ್ ನುಂಗಿದ ಐದು ಕುದುರೆ

ಆಕ್ಸ್‌ಫರ್ಡ್‌ನಿಂದ ಲಂಡನ್ ಕಡೆಗೆ ಎಂ40 ಹೆದ್ದಾರಿ ಹಿಡಿದು ಹೊರಟರೆ ಸ್ವಲ್ಪ ಹೊತ್ತಿಗೆ ಒಂದು ಏರು ಸಿಗುತ್ತದೆ. ಬಿಳಿ ಸುಣ್ಣದ ಗುಡ್ಡವನ್ನು ಕಡಿದು ಮಾಡಿದ ದಾರಿ. ಶಿರಾಡಿ ಘಾಟಿ ಹತ್ತಿದವರಿಗೆ ಇದೊಂದು ಏರು ಅಂತ ಅನ್ನಿಸುವುದೂ ಇಲ್ಲ. ಆದರೆ ನನ್ನ ಹಳೇ ಬ್ರಿಟಿಷ್ ಕಾರು, 1967ರ ಎಂಜಿಬಿ ಜಿಟಿ, ಅಲ್ಲಿಗೆ ಬಂದ ಕೂಡಲೇ ಉಬ್ಬಸ ಹತ್ತಿದವರ ಹಾಗೆ ಆಡುತ್ತಿತ್ತು. 60 ಮೈಲಿಯಲ್ಲಿ ಏರು ಶುರು ಮಾಡಿದರೆ ತುದಿ ಮುಟ್ಟುವಾಗ 48. ಕಾಲು ನೆಲಕ್ಕೆ ಒತ್ತಿದರೂ ಪಿಕಪ್ ಇಲ್ಲ. ಬಾನೆಟ್ ಒಳಗಿಂದ ಡಬ್ಬಿಯಲ್ಲಿ ಚಿಲ್ಲರೆ ಅಲ್ಲಾಡಿಸಿದ ಹಾಗೆ ನಾಕಿಂಗ್ ಸದ್ದು. ಹಿಂದೆ ಲಾರಿಯವನ ಲೈಟು.

ಎರಡು ವರ್ಷ ನಾನು ಇದಕ್ಕೆಲ್ಲ ಎಂಜಿನ್ನಿಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬೊರೇಟರನ್ನೇ ಬೈದೆ.

ಅದಕ್ಕೆ ಕಾರಣ ಹಾಸನದ ನಮ್ಮ ಅಂಬಾಸಿಡರ್. ಅದರ ಎಂಜಿನ್ 1489 ಸಿಸಿ, ಎಂಜಿಬಿಯದು 1798 ಸಿಸಿ. ಎರಡೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್, ಒಂದೇ ಮನೆಯ ಅಣ್ಣತಮ್ಮಂದಿರು. ಕೊಳ್ಳುವ ಮೊದಲು ಈ ಕಾರಿನ ಬಾನೆಟ್ ಎತ್ತಿ ನೋಡಿದಾಗ ಪರದೇಶದಲ್ಲಿ ನಮ್ಮ ಬೀದಿಯವರು ಯಾರೋ ಎದುರಾದ ಹಾಗಾಯಿತು. ನಿಜ ಹೇಳಬೇಕೆಂದರೆ ಕೊಂಡಿದ್ದೇ ಅದಕ್ಕೆ. ಅಪ್ಪನ ಕಾರಿನಲ್ಲಿ ಎಸ್‌ಯು ಅನ್ನುವ ಬಗೆಯ ಒಂದು ಕಾರ್ಬೊರೇಟರ್ ಇತ್ತು, ಇದರಲ್ಲಿ ಎರಡು. ಹಾಸನದಲ್ಲಿ ನಾವು ಸಾಬರು ಅಂತ ಕರೆಯುತ್ತಿದ್ದ ಮೆಕ್ಯಾನಿಕ್ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಾರ್ಬೊರೇಟರಿನ ಕೆಳಗಿನ ನಟ್ಟನ್ನು ಒಂಚೂರು ತಿರುಗಿಸಿ, "ಈಗ ನೋಡಿ ಸ್ವಾಮಿ" ಅನ್ನುತ್ತಿದ್ದರು. ನಾನೂ ಭಾನುವಾರ ಭಾನುವಾರ ಮನೆ ಮುಂದೆ ಅದನ್ನೇ ಮಾಡಿದೆ. ಐಡ್ಲಿಂಗ್, ಅಂದರೆ ನಿಂತಲ್ಲೇ ಎಂಜಿನ್ ಓಡುವುದು, ಎಷ್ಟು ಚೆನ್ನಾಗಿ ಬಂತೆಂದರೆ ಎಂಜಿನ್ನಿನ ಮೇಲ್ಮುಚ್ಚಳದ ಮೇಲೆ ನಾಣ್ಯ ನಿಲ್ಲಿಸಬಹುದಿತ್ತು. ಏರು ಮಾತ್ರ ಹಾಗೇ ಇತ್ತು.

ಕೊನೆಗೆ ಸೋತು, ರೋಲಿಂಗ್ ರೋಡ್ ಇರುವ ಒಂದು ಗ್ಯಾರೇಜಿಗೆ ಫೋನ್ ಮಾಡಿದೆ. ಮೂರು ವಾರ ಆದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಸಿಕ್ಕಿತು.

ಹೆಸರು ರೋಡ್ ಅಂತ ಇದ್ದರೂ ಅದು ಇರುವುದು ಶೆಡ್ಡಿನ ಒಳಗೆ. ನೆಲದಲ್ಲಿ ಉಕ್ಕಿನ ರೋಲರುಗಳು. ಕಾರಿನ ಹಿಂದಿನ ಚಕ್ರಗಳನ್ನು ಅದರ ಮೇಲೆ ಕೂರಿಸಿ, ಅಗಲವಾದ ಬೆಲ್ಟುಗಳಿಂದ ಗಾಡಿಯನ್ನು ನೆಲಕ್ಕೆ ಬಿಗಿದು ಕಟ್ಟುತ್ತಾರೆ. ರೇಡಿಯೇಟರಿನ ಎದುರು ಆಳೆತ್ತರದ ಫ್ಯಾನ್. ಸೈಲೆನ್ಸರ್ ಬಾಯಿಗೆ ಹೊಗೆ ಅಳೆಯುವ ಒಂದು ಕಡ್ಡಿ. ರೋಲರುಗಳನ್ನು ವಿದ್ಯುತ್ ಬ್ರೇಕ್ ಹಿಡಿದುಕೊಳ್ಳುತ್ತದೆ. ಆ ಹಿಡಿತ ಹೆಚ್ಚಿಸಿದರೆ ಶೆಡ್ಡಿನೊಳಗೇ ಗುಡ್ಡ ಹತ್ತಿಸಬಹುದು. 3000 ಆರ್‌ಪಿಎಂನಲ್ಲಿ ಹಿಡಿದು ಬೇಕಾದಷ್ಟು ಹೊತ್ತು ಓಡಿಸಬಹುದು. ನನಗೆ ತಲೆಗೆ ಹೊಳೆದದ್ದು ಆಗ. ಇಷ್ಟು ದಿನ ನಾನು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಾ ನಿಂತ ಎತ್ತನ್ನು ನೋಡಿ, ಅದು ಗಾಡಿ ಹೇಗೆ ಎಳೆಯುತ್ತೆ ಅಂತ ಲೆಕ್ಕ ಹಾಕುತ್ತಿದ್ದೆ.

ಟ್ಯೂನ್ ಮಾಡುವವರು ಅರವತ್ತು ದಾಟಿದವರು. ಮಾತು ಕಡಿಮೆ. "ಮೊದಲು ಇದ್ದ ಹಾಗೇ ಓಡಿಸೋಣ" ಅಂದರು. ನಾಲ್ಕನೇ ಗೇರಿಗೆ ಹಾಕಿ ಪೂರ್ತಿ ಒತ್ತಿದರು. ಬೆಲ್ಟು ಬಿಗಿಯಾಗಿ ಗಾಡಿಯ ಹಿಂಭಾಗ ಕುಕ್ಕರಗಾಲಲ್ಲಿ ಕೂತ ಹಾಗೆ ತಗ್ಗಿತು. ಮುಚ್ಚಿದ ಶೆಡ್ಡಿನಲ್ಲಿ 5000 ಆರ್‌ಪಿಎಂ ಸದ್ದು ಎದೆಗೇ ಬಡಿಯುತ್ತದೆ. ಈಗ ಎಂಜಿನ್ ಒಡೆದುಹೋಗುತ್ತೆ ಅಂತ ನಾನು ಗೋಡೆಗೆ ಅಂಟಿಕೊಂಡೆ. ಪರದೆಯ ಮೇಲೆ ಬಂದದ್ದು 54 ಎಚ್‌ಪಿ, ಅಂದರೆ 54 ಕುದುರೆಗಳ ಬಲ. ಹೊಸದಿದ್ದಾಗ ಕಂಪನಿ ಹೇಳಿದ್ದು 95. ಆದರೆ ಅದು ಎಂಜಿನ್ ಹತ್ತಿರ ಅಳೆದದ್ದು. ಗೇರ್‌ಬಾಕ್ಸು, ಆಕ್ಸಲ್ಲು, ಟೈರು ತಮ್ಮ ಪಾಲು ತಿಂದು ಚಕ್ರಕ್ಕೆ ಕಡಿಮೆಯೇ ಬರುತ್ತದೆ. ಹಾಗಿದ್ದರೂ 54 ತೀರಾ ಬಡಕಲು.

"ಕಾರ್ಬೊರೇಟರ್ ಅಲ್ವಾ?" ಅಂದೆ.

ಅವರು ಉತ್ತರ ಕೊಡಲಿಲ್ಲ. ಎಂಜಿನ್ ಆಫ್ ಮಾಡಿಸಿ ನನ್ನನ್ನು ಒಳಗೆ ಕೂರಿಸಿದರು. ತಾವು ಬಾನೆಟ್ ಕೆಳಗೆ ಬಗ್ಗಿದರು.

"ಆಕ್ಸಿಲರೇಟರ್ ಪೂರ್ತಿ ಒತ್ತಿ."

"ಒತ್ತಿದ್ದೀನಿ."

"ಇಲ್ಲ. ಪೂರ್ತಿ."

"ಪೂರ್ತಿನೇ ಒತ್ತಿದ್ದೀನಿ!"

ಅವರು ಸುತ್ತಿ ಬಂದು, ಬಾಗಿಲು ತೆಗೆದು, ನನ್ನ ಕಾಲ ಕೆಳಗಿನ ಮ್ಯಾಟ್ ಎಳೆದರು. ಕಾರು ತಂದ ವಾರವೇ ನಾನು ಆಸೆಪಟ್ಟು ಹಾಕಿಸಿದ ದಪ್ಪ ರಬ್ಬರ್ ಮ್ಯಾಟ್, ಅದರ ಕೆಳಗೆ ಇನ್ನೂ ಒಂದು ಪದರ. ಪೆಡಲ್ ಹೋಗಿ ಅದಕ್ಕೆ ಒರಗುತ್ತಿತ್ತು. ಕೇಬಲ್ ಕೂಡ ಸಡಿಲ. ಎರಡೂ ಸೇರಿ ಕಾರ್ಬೊರೇಟರಿನ ಬಾಯಿ ಮುಕ್ಕಾಲು ಪಾಲು ಮಾತ್ರ ತೆರೆಯುತ್ತಿತ್ತು. ಮ್ಯಾಟ್ ತೆಗೆದು, ಕೇಬಲ್ ಎಳೆದು ಕಟ್ಟಿ ಮತ್ತೆ ಓಡಿಸಿದರು. 59. ಎರಡು ವರ್ಷ ಐದು ಕುದುರೆಗಳ ಮೇಲೆ ಕಾಲಿಟ್ಟುಕೊಂಡು ಗಾಡಿ ಓಡಿಸಿದ್ದೆ ನಾನು. ಅವರು ನಗಲಿಲ್ಲ, ಅದು ಅವರ ದೊಡ್ಡತನ.

ಆಮೇಲೆ ಟೈಮಿಂಗ್, ಅಂದರೆ ಪೆಟ್ರೋಲ್ ಹೊತ್ತಿಸುವ ಕಿಡಿ ಹಾರುವ ಹೊತ್ತು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ಎರಡು ಪುಟ್ಟ ತೂಕಗಳಿರುತ್ತವೆ, ಅವನ್ನು ಎಳೆದು ಹಿಡಿಯಲು ಎರಡು ಸ್ಪ್ರಿಂಗ್. ಎಂಜಿನ್ ವೇಗ ಹೆಚ್ಚಿದ ಹಾಗೆ ತೂಕಗಳು ಹೊರಗೆ ಸರಿದು ಕಿಡಿಯನ್ನು ಮುಂಚೆ ಹಾರಿಸುತ್ತವೆ. ನನ್ನದರ ಸ್ಪ್ರಿಂಗುಗಳು ಹಳೆಯ ಚಡ್ಡಿಯ ಎಲಾಸ್ಟಿಕ್ ಆಗಿದ್ದವು. ಹಾಗಾಗಿ ಕಿಡಿ ಬೇಕಾದ್ದಕ್ಕಿಂತ ಬೇಗ ಮುಂದಕ್ಕೆ ಹೋಗುತ್ತಿತ್ತು. ಏರಿನಲ್ಲಿ ಕೇಳುತ್ತಿದ್ದ ಚಿಲ್ಲರೆ ಸದ್ದು ಅದೇ. ಹೊಸ ಸ್ಪ್ರಿಂಗ್ ಹಾಕಿ, ಮಿನುಗುವ ದೀಪ ಹಿಡಿದು, ರೋಲರ್ ಮೇಲೆ ಭಾರ ಕೊಟ್ಟೇ ಟೈಮಿಂಗ್ ಕೂರಿಸಿದರು. ಆಗ ಅವರು ತಲೆ ಒಂದು ಕಡೆ ವಾಲಿಸಿ ಕಿವಿಗೊಟ್ಟು ನಿಂತಿದ್ದ ರೀತಿ ಥೇಟ್ ನಮ್ಮ ಸಾಬರದ್ದೇ. 63 ಬಂತು.

ಕಾರ್ಬೊರೇಟರಿನ ಸರದಿ ಕೊನೆಗೆ. ನನ್ನ ಅನುಮಾನ ಪೂರ್ತಿ ಸುಳ್ಳಾಗಿರಲಿಲ್ಲ, ಸಮಾಧಾನ. ಹೊಗೆಯ ಲೆಕ್ಕದಲ್ಲಿ ಭಾರ ಎಳೆಯುವಾಗ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಒಂದು ಭಾಗ ಪೆಟ್ರೋಲಿಗೆ ಸುಮಾರು 13 ಭಾಗ ಗಾಳಿ ಇರಬೇಕಾದ ಕಡೆ 15 ದಾಟಿತ್ತು. ಹಾಗಾದರೆ ನಾನು ಅಷ್ಟು ಸಲ ನಟ್ ತಿರುಗಿಸಿದ್ದು? ಎಸ್‌ಯು ಒಳಗೆ ಒಂದು ಸೂಜಿ ಇದೆ, ಕೆಳಕ್ಕೆ ಬರುತ್ತಾ ಸಪೂರ ಆಗುವಂಥದ್ದು. ಗಾಳಿ ಹೆಚ್ಚು ಎಳೆದಷ್ಟೂ ಪಿಸ್ಟನ್ ಜೊತೆ ಸೂಜಿ ಮೇಲೇಳುತ್ತದೆ, ಪೆಟ್ರೋಲ್ ಬರುವ ತೂತಿನ (ಜೆಟ್ಟಿನ) ಸಂದು ದೊಡ್ಡದಾಗುತ್ತದೆ, ಪೆಟ್ರೋಲ್ ಜಾಸ್ತಿ ಬರುತ್ತದೆ. ನಟ್ ತಿರುಗಿಸಿದರೆ ಜೆಟ್ ಒಟ್ಟಾಗಿ ಮೇಲೆ ಕೆಳಗೆ ಆಗುತ್ತದೆ, ಅಷ್ಟೇ. ಯಾವ ಎತ್ತರದಲ್ಲಿ ಎಷ್ಟು ಸಿಗಬೇಕು ಅನ್ನುವುದು ಸೂಜಿಯ ಮೈಕಟ್ಟಿನಲ್ಲಿದೆ. ಐಡ್ಲಿಂಗಿಗೆ ಸರಿ ಮಾಡಿದರೆ ಏರಿಗೆ ಸರಿ ಆಗಲೇಬೇಕು ಅಂತೇನಿಲ್ಲ. ನಾನು ಗಾಳಿ ಜಾಸ್ತಿ ಬಿಡುವ ಫಿಲ್ಟರ್ ಬೇರೆ ಹಾಕಿಸಿದ್ದೆ. ಜೊತೆಗೆ 2021ರಿಂದ ಇಲ್ಲಿನ ಮಾಮೂಲಿ ಪೆಟ್ರೋಲ್ ಇ10, ಹತ್ತು ಪರ್ಸೆಂಟ್ ಎಥನಾಲ್. ಎಥನಾಲ್‌ನಲ್ಲೇ ಆಕ್ಸಿಜನ್ ಇರುವುದರಿಂದ ಮಿಶ್ರಣ ಇನ್ನೂ ತೆಳು. (ಊರಲ್ಲಿ ಇ20 ಹಾಕಿಸಿ ಹಳೆ ಗಾಡಿ ಓಡಿಸುವವರ ಪಾಡು ನೆನೆದೆ.)

ಕಾರಿನ ಜೊತೆ ಬಂದಿದ್ದು 5 ನಂಬರ್ ಸೂಜಿ. ಅದನ್ನು ತೆಗೆದು ಪೆಟ್ರೋಲ್ ಜಾಸ್ತಿ ಬಿಡುವ 6 ನಂಬರ್ ಹಾಕಿದರು. ಎರಡೂ ಕಾರ್ಬೊರೇಟರ್ ಒಂದೇ ಸಮ ಗಾಳಿ ಎಳೆಯುವ ಹಾಗೆ ಮಾಡಿ, ಐಡ್ಲಿಂಗ್ ಮತ್ತೆ ಕೂರಿಸಿದರು. ಕೊನೆಯ ಓಟದಲ್ಲಿ 69 ಬಂತು. ಅವರು ಹಾಳೆ ಪ್ರಿಂಟ್ ತೆಗೆದು ಕೊಟ್ಟು, ಮ್ಯಾಟನ್ನು ಸುರುಳಿ ಸುತ್ತಿ ಡಿಕ್ಕಿಯಲ್ಲಿಟ್ಟರು.

ಮನೆಗೆ ನೇರವಾಗಿ ಹೋಗಲಿಲ್ಲ. ಎಂ40ಯ ಆ ಏರಿನ ಬುಡಕ್ಕೆ ಹೋದೆ. 60ರಲ್ಲಿ ಶುರು, ನಾಲ್ಕನೇ ಗೇರ್. ತುದಿ ಬಂದಾಗ 66. ಚಿಲ್ಲರೆ ಸದ್ದಿಲ್ಲ. ಸುಮ್ನೆ ಮುಂದಿನ ಎಕ್ಸಿಟ್‌ನಲ್ಲಿ ತಿರುಗಿಸಿ ಬಂದು ಇನ್ನೊಂದು ಸಲ ಹತ್ತಿದೆ.

ಸಂಜೆ ಅಪ್ಪನಿಗೆ ಫೋನ್ ಮಾಡಿ ಸೂಜಿ, ಸ್ಪ್ರಿಂಗ್ ಎಲ್ಲ ವಿವರವಾಗಿ ಹೇಳಿದೆ. ಮ್ಯಾಟ್ ವಿಷಯ ಬಿಟ್ಟೆ. ಎಲ್ಲ ಕೇಳಿಸಿಕೊಂಡು, "ಎಷ್ಟು ತಗೊಂಡ್ರು?" ಅಂದರು.

"320 ಪೌಂಡ್."

ಆ ಕಡೆ ಸ್ವಲ್ಪ ಹೊತ್ತು ಲೆಕ್ಕ ನಡೆಯಿತು.

"ನಾನು ಅಂಬಾಸಿಡರ್ ಮಾರಿದ್ದೇ 28,000ಕ್ಕೆ ಕಣೋ" ಅಂದರು ಅಪ್ಪ. "ಅದರಲ್ಲಿ ಎರಡು ಹೊಸ ಟೈರ್ ಬೇರೆ ಇತ್ತು."